ಅರಿಶಿನದ ದಾರ ಕಟ್ಟಿದ ಸಿರಿಂಜು

ಹುಣಸೂರಿನಲ್ಲಿ ನಾನು ಹಲ್ಲಿನ ಕ್ಲಿನಿಕ್ ತೆರೆದಾಗ ಊರಿನವರಿಗೆ ನನ್ನ ಓದಿನ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಇದ್ದದ್ದು ನನ್ನ ರಟ್ಟೆಯ ಬಗ್ಗೆ. ತೊಂಬತ್ತರ ದಶಕದ ನಡುಭಾಗ ಅದು. ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಒಂದು ಕುರ್ಚಿ, ಬೇಕೆನಿಸಿದಾಗ ಬಂದು ಬೇಡವೆನಿಸಿದಾಗ ಹೋಗುವ ಕರೆಂಟು. ಮೆಟ್ಟಿಲು ಹತ್ತಿ ಬಂದವರು ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ತೋಳು ನೋಡುತ್ತಿದ್ದರು, ಆಮೇಲೆ ಒಳಗೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಪರದೆಯ ಕಡೆ ಕತ್ತು ಚಾಚುತ್ತಿದ್ದರು. ಪಿರಿಯಾಪಟ್ಟಣದ ಕಡೆಯಿಂದ ಬಂದಿದ್ದ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ಮುಚ್ಚುಮರೆಯಿಲ್ಲದೆ ಕೇಳಿಯೇಬಿಟ್ಟರು.

"ಕೀಳೋರು ನೀವೇಯಾ ತಾಯಿ? ಇಲ್ಲ ಯಜಮಾನ್ರು ಬತ್ತಾರಾ?"

ನನ್ನ ಯಜಮಾನರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು. ಅವರಿಗೆ ತೆಂಗಿನಕಾಯಿ ಸುಲಿಯಲೂ ಬರುತ್ತಿರಲಿಲ್ಲ. ನಾನು ಮುಖ ಗಂಟಿಕ್ಕಿಕೊಂಡು, "ನಾನು ಹಲ್ಲು ಕೀಳೋದಿಲ್ಲ, ಉಳಿಸ್ತೀನಿ" ಎಂದೆ.

"ಉಳುಸ್ಕಂಡು ಏನ್ಮಾಡದು? ಇದು ನಂಗೆ ಬ್ಯಾಡ. ನಿಮ್ಗೇನಾರ ಬೇಕಿತ್ತಾ?"

ಕೊನೆಗೆ ಆ ಹಲ್ಲನ್ನು ಕಿತ್ತೇ ಕಳಿಸಬೇಕಾಯಿತು. ಅವರು ನನ್ನ ತೋಳನ್ನು ಇನ್ನೊಮ್ಮೆ ನೋಡಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿ ಇಳಿದು ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಮೊದಲಿನಿಂದಲೂ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತೇ ನಿರ್ಧಾರ ಮಾಡಿದೆ. ಈ ನಾಲ್ಕು ತಾಲ್ಲೂಕಿನಲ್ಲಿ ಹಲ್ಲು ಕೀಳದ ಡಾಕ್ಟರು ಎಂದರೆ ನಾನೊಬ್ಬಳೇ ಆಗಬೇಕು. ಅದು ಸೇವೆಯ ಹಂಬಲವಲ್ಲ, ಬರೀ ಹಟ. ಆಗ ನನಗೆ ಎರಡಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಹಲ್ಲು ಉಳಿಸುವುದು ಎಂದರೆ ಮುಖ್ಯವಾಗಿ ತೊಳೆಯುವ ಕೆಲಸ. ಹಲ್ಲಿನ ಬೇರಿನೊಳಗೆ ನರ ಇರುವ ಸಣ್ಣ ದಾರಿಯೊಂದಿದೆ. ಆ ನರ ಸತ್ತು ಕೊಳೆತರೆ ಅದನ್ನು ತೆಗೆದು, ದಾರಿಯನ್ನು ಕೊನೆಯವರೆಗೂ ತೊಳೆದು, ತುಂಬಿ ಮುಚ್ಚಬೇಕು. ರೂಟ್ ಕೆನಾಲ್ ಅಂದರೆ ಇಷ್ಟೇ. ತೊಳೆಯಲು ಎರಡು ದ್ರವ ಇಟ್ಟುಕೊಂಡಿದ್ದೆ. ಒಂದು ಸಲೈನ್, ಎಂದರೆ ಶುದ್ಧ ಉಪ್ಪುನೀರು, ಯಾರಿಗೂ ಏನೂ ಮಾಡದ ಸಾಧು. ಇನ್ನೊಂದು ಬ್ಲೀಚಿಂಗ್ ಜಾತಿಯ ಮದ್ದು. ಕೊಳೆತದ್ದನ್ನೆಲ್ಲ ಅದು ಕರಗಿಸಿ ತೆಗೆಯುತ್ತದೆ. ಆದರೆ ಜೀವ ಇರುವ ಮಾಂಸ ಸಿಕ್ಕರೆ ಅದನ್ನೂ ಸುಡುತ್ತದೆ. ಅದಕ್ಕೇ ಅದನ್ನು ಹಲ್ಲಿನೊಳಗೆ ತೊಟ್ಟು ತೊಟ್ಟಾಗಿ, ಮೆಲ್ಲಗೆ, ಬೇರಿನ ತುದಿಯಿಂದಾಚೆ ಹೋಗದಂತೆ ಬಿಡಬೇಕು.

ಕಾಲೇಜಿನಲ್ಲಿ ಇದಕ್ಕೆಂದೇ ಹೊರದೇಶದಿಂದ ತರಿಸಿದ ಸೂಜಿಗಳಿದ್ದವು. ತುದಿ ಮುಚ್ಚಿದ್ದು ರಂಧ್ರ ಪಕ್ಕದಲ್ಲಿರುತ್ತಿತ್ತು. ಮದ್ದು ಮುಂದಕ್ಕೆ ನುಗ್ಗದೆ ಪಕ್ಕಕ್ಕೆ ಹರಿದು ಮೇಲೆ ಬರುತ್ತಿತ್ತು. ಅಂಥವು ಎರಡೇ ಎರಡು ಇದ್ದವು, ಪ್ರೊಫೆಸರರ ಬೀರುವಿನಲ್ಲಿ. ನಾವು ಅವನ್ನು ಗಾಜಿನಾಚೆಯಿಂದ ನೋಡಿ ಪರೀಕ್ಷೆ ಬರೆದವರು. ಹುಣಸೂರಿನಲ್ಲಿ ನನ್ನ ಬಳಿ ಇದ್ದದ್ದು ಔಷಧಿ ಅಂಗಡಿಯ ಮಾಮೂಲಿ ಇಂಜೆಕ್ಷನ್ ಸೂಜಿ. ಅದರ ಚೂಪು ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ನಡುವೆ ಸ್ವಲ್ಪ ಬಗ್ಗಿಸಿ, ಕುದಿಸಿ ಬಳಸುತ್ತಿದ್ದೆವು. ಬಳಸುತ್ತಿದ್ದದ್ದು ನಾನು, ಉಜ್ಜುತ್ತಿದ್ದದ್ದು ಅಕ್ಕ.

ಅಕ್ಕ ಎಂದರೆ ನನ್ನ ಸಹಾಯಕ್ಕಿದ್ದ ಹೆಂಗಸು. ಎಚ್.ಡಿ. ಕೋಟೆ ಕಡೆಯ ಅಂತರಸಂತೆಯವರು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಹಿಂದೆ ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದರು, ಸಿರಿಂಜು ಕುದಿಸುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಓದು ಬರಹ ಮಾತ್ರ ಬರುತ್ತಿರಲಿಲ್ಲ. ಮನೆಯಿಂದ ಕುಡುಗೋಲು ಮಸೆಯುವ ಕಲ್ಲಿನ ಚೂರೊಂದನ್ನು ತಂದಿಟ್ಟುಕೊಂಡು ಮಧ್ಯಾಹ್ನದ ಹೊತ್ತು ಸೂಜಿ ಉಜ್ಜುತ್ತ ಕೂರುತ್ತಿದ್ದರು. ತುದಿಯನ್ನು ತಮ್ಮ ಅಂಗೈಗೆ ಒತ್ತಿ ನೋಡಿ, "ಈಗ ಮಗೀಗೂ ಚುಚ್ಚಾಕಿಲ್ಲ" ಎಂದು ಕುದಿಯುವ ನೀರಿಗೆ ಹಾಕುತ್ತಿದ್ದರು.

ಆ ಮದ್ದಿನ ವಾಸನೆ ನಮ್ಮ ಎರಡೂ ಕೋಣೆಗಳಲ್ಲಿ ಸದಾ ತುಂಬಿರುತ್ತಿತ್ತು. ಪುರಸಭೆಯವರು ಚರಂಡಿಗೆ ಹಾಕುವ ಪುಡಿಯನ್ನೇ ನಾನು ಬಾಯಿಗೂ ಹಾಕುತ್ತೇನೆ ಎಂದು ಕೆಳಗಿನ ಅಂಗಡಿಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಅದು ತೀರಾ ಸುಳ್ಳೂ ಅಲ್ಲ. ಒಂದು ತೊಟ್ಟು ಬಟ್ಟೆಗೆ ಬಿದ್ದರೆ ಅಲ್ಲಿ ಬಣ್ಣ ಹೋಗಿ ಬಿಳಿ ಚುಕ್ಕೆ ಉಳಿಯುತ್ತಿತ್ತು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಹುಣಸೂರಿನ ಸಂತೆಯಲ್ಲಿ ಅಂಗಿಯ ಕಾಲರು ನೋಡಿಯೇ ಇವರು ನನ್ನ ಹತ್ತಿರ ಬಂದಿದ್ದವರು ಎಂದು ಹೇಳಬಹುದಾಗಿತ್ತು. ಹೆಂಗಸರು ನನ್ನಲ್ಲಿಗೆ ಬರುವಾಗ ಹಳೇ ಸೀರೆ ಉಟ್ಟುಕೊಂಡು ಬರುತ್ತಿದ್ದರು. ನನಗೆ ಅದೂ ಒಂದು ಹೆಮ್ಮೆಯ ವಿಷಯವೇ ಆಗಿತ್ತು.

ಇದ್ದ ಎರಡು ಗಾಜಿನ ಸಿರಿಂಜುಗಳದೂ ಒಂದೇ ಅಳತೆ. ಒಳಗಿನ ಎರಡು ದ್ರವವೂ ನೋಡಲು ಬರೀ ನೀರು. ಹಾಗಾಗಿ ಮದ್ದಿನ ಸಿರಿಂಜಿನ ಮೇಲೆ ನಾನು ಮಾರ್ಕರ್ ಪೆನ್ನಿನಲ್ಲಿ ಇಂಗ್ಲಿಷ್ ಅಕ್ಷರವೊಂದನ್ನು ಬರೆದೆ. ಬಣ್ಣ ತಿನ್ನುವುದೇ ಕಸುಬಾದ ಆ ಮದ್ದು ಎರಡೇ ದಿನದಲ್ಲಿ ತನ್ನ ಗುರುತನ್ನು ತಾನೇ ತಿಂದುಹಾಕಿತು. ಮತ್ತೆ ಬರೆದೆ, ಮತ್ತೆ ತಿಂದಿತು. ಒಂದು ಬೆಳಿಗ್ಗೆ ಬಂದು ನೋಡಿದರೆ ಒಂದು ಸಿರಿಂಜಿನ ಕುತ್ತಿಗೆಗೆ ಅರಿಶಿನದ ದಾರ ಸುತ್ತಿ ಗಂಟು ಹಾಕಿತ್ತು.

"ಇದೇನಕ್ಕ, ಸಿರಿಂಜಿಗೂ ಮದುವೆ ಮಾಡಿಸಿಬಿಟ್ರಾ?"

"ಗುರ್ತಿಗೆ ಕಣ್ರಮ್ಮ. ನಿಮ್ಮಕ್ಸರ ಓದಾಕೆ ನಂಗೆಲ್ಲಿ ಬತ್ತದೆ?"

ನಾನು ನಕ್ಕು ಕೆಲಸಕ್ಕೆ ತಿರುಗಿದೆ. ಅದು ಯಾವುದರ ಗುರುತು ಎಂದು ಕೇಳಲಿಲ್ಲ. ಕೇಳುವುದೇನಿದೆ? ಗುರುತು ಹಾಕುವುದು ಅಪಾಯದ ವಸ್ತುವಿಗೆ. ವಿಷದ ಬಾಟಲಿಗೆ ಕೆಂಪು ಚೀಟಿ, ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ತಲೆಬುರುಡೆ. ಇದು ಓದಿದವರಿಗೆಲ್ಲ ಗೊತ್ತಿರುವ ಸಂಗತಿ. ಅದೂ ಅಲ್ಲದೆ ಕೆಲಸ ಮಾಡುವಾಗ ನನ್ನ ಕಣ್ಣು ಹಲ್ಲಿನ ಮೇಲಿರುತ್ತಿತ್ತು. ನಾನು ಕೈ ಹಿಂದಕ್ಕೆ ಚಾಚಿದರೆ ಅಕ್ಕ "ಮದ್ದು" ಎಂದು ಒಂದನ್ನು, "ನೀರು" ಎಂದು ಇನ್ನೊಂದನ್ನು ಅಂಗೈಯಲ್ಲಿ ಇಡುತ್ತಿದ್ದರು. ಆ ದಾರವನ್ನು ನೂರಾರು ಸಲ ಬೆರಳಲ್ಲಿ ಮುಟ್ಟಿರಬೇಕು ನಾನು. ಯಾವುದಕ್ಕೆ ಕಟ್ಟಿದೆ ಎಂದು ಒಂದು ಸಲವೂ ನೋಡಲಿಲ್ಲ.

ಹೀಗಿರುವಾಗ ಒಂದು ಮಾಘ ಮಾಸದಲ್ಲಿ ಭೇರ್ಯದ ಕಡೆಯಿಂದ ಒಬ್ಬರು ಬಂದರು. ವಾಲಗ ಊದುವವರು. ನಲವತ್ತೈದರ ಆಸುಪಾಸು, ತೆಳ್ಳಗಿನ ಆಳು, ಮಾತು ಮೆತ್ತಗೆ. ಸುತ್ತಮುತ್ತಲ ಊರುಗಳ ಮದುವೆಗಳಲ್ಲಿ ತಾಳಿ ಕಟ್ಟುವ ಹೊತ್ತಿಗೆ ಅವರ ವಾಲಗವೇ ಆಗಬೇಕು ಎನ್ನುವಷ್ಟು ಹೆಸರಿದ್ದವರು ಎಂದು ಆಮೇಲೆ ಗೊತ್ತಾಯಿತು. ಮೇಲಿನ ಮುಂದಿನ ಹಲ್ಲೊಂದು ಕಪ್ಪಗಾಗಿತ್ತು. ಅದರ ಬುಡದಲ್ಲಿ ಕೀವು ತುಂಬಿ, ಊದಲು ಹೋದರೆ ಕಣ್ಣಲ್ಲಿ ನೀರು ಬರುವಷ್ಟು ನೋವು. ಹೋದಲ್ಲೆಲ್ಲ ಕೀಳಿಸಿಬಿಡು ಎಂದಿದ್ದರಂತೆ.

"ಹಲ್ಲಿಗೂ ವಾಲಗಕ್ಕೂ ಏನು ಸಂಬಂಧ?" ಎಂದು ಕೇಳಿದೆ. "ಊದೋದು ತುಟಿಯಲ್ಲಿ ತಾನೇ?"

"ಪೀಪಿ ಇಡದು ತುಟೀಲೇ ಕಣವ್ವ. ಆದ್ರೆ ತುಟಿಗೆ ಇಂದ್ಗಡೆಯಿಂದ ಒಂದು ಆಸ್ರೆ ಬ್ಯಾಡ್ವಾ? ಮುಂದ್ಲಲ್ಲು ಓದ್ರೆ ತುಟಿ ಒಳೀಕೆ ಓಯ್ತದೆ, ಗಾಳಿ ನಿಲ್ಲಾಕಿಲ್ಲ. ನಂಗೆ ಬ್ಯಾರೆ ಕಸ್ಬು ಬರಾಕಿಲ್ಲ. ಉಗಾದಿ ಕಳುದ್ರೆ ಲಗ್ನ ಸುರುವಾಯ್ತವೆ. ಈ ಅಲ್ಲೊಂದ ಉಳುಸ್ಕೊಡಿ ಸಾಕು."

ಹಲ್ಲು ಉಳಿಸಿಕೊಡಿ ಎಂದು ಬಾಯಿಬಿಟ್ಟು ಕೇಳಿದ ಮೊದಲ ಮನುಷ್ಯ ಅವರು. ನನಗಾದ ಸಂತೋಷ ಹೇಳತೀರದು. ಎಕ್ಸ್‌ರೇ ತೆಗೆದು ನೋಡಿದೆ. ಎಂಟನೇ ವಯಸ್ಸಿನಲ್ಲಿ ಸೈಕಲ್ಲಿನಿಂದ ಬಿದ್ದು ಆ ಹಲ್ಲಿಗೆ ಪೆಟ್ಟಾಗಿತ್ತಂತೆ. ಅಂದೇ ನರ ಸತ್ತಿರಬೇಕು, ಬೇರು ಪೂರ್ತಿ ಬೆಳೆದೇ ಇರಲಿಲ್ಲ. ಎಲ್ಲರಲ್ಲೂ ಸೂಜಿಯ ಮೊನೆಯಷ್ಟು ಕಿರಿದಾಗಿರುವ ಬೇರಿನ ತುದಿ ಅವರಲ್ಲಿ ಒಲೆ ಊದುವ ಕೊಳವೆಯಂತೆ ಬಾಯಿ ತೆರೆದುಕೊಂಡಿತ್ತು. ಅಂಥ ಹಲ್ಲಿನಲ್ಲಿ ಮದ್ದನ್ನು ಸ್ವಲ್ಪ ಜೋರಾಗಿ ಒತ್ತಿದರೂ ಅದು ನೇರ ಮುಖದ ಮಾಂಸಕ್ಕೇ ಹೋಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಅವರಿಗೂ ವಿವರವಾಗಿ, ಸ್ವಲ್ಪ ಜಂಬದಿಂದಲೇ ಹೇಳಿ, "ನನ್ನ ಕೈಯಲ್ಲಿ ಆಗುತ್ತೆ, ಬೇರೆಯವರ ಕೈಯಲ್ಲಾದರೆ ಹೇಳಲಾರೆ" ಎಂದೂ ಸೇರಿಸಿದೆ.

ಮೊದಲೆರಡು ಸಲ ಎಲ್ಲ ಸರಿಯಾಗಿಯೇ ನಡೆಯಿತು. ಕೀವು ಹೋಯಿತು, ನೋವು ಹೋಯಿತು. ನೋವು ಹೋದ ಮೇಲೆ ನಮ್ಮವರು ಯಾರೂ ಮತ್ತೆ ಬರುವುದಿಲ್ಲ. ಅರ್ಧಕ್ಕೆ ಬಿಟ್ಟ ಹಲ್ಲುಗಳು ನಾಲ್ಕೂ ತಾಲ್ಲೂಕಿನಲ್ಲಿ ಎಷ್ಟಿದ್ದವೋ. ಇವರು ಮಾತ್ರ ಹೇಳಿದ ದಿನ, ಹೇಳಿದ ಹೊತ್ತಿಗೆ, ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸಿ ಬಂದು ಬೆಂಚಿನ ಮೇಲೆ ಕೂತಿರುತ್ತಿದ್ದರು. ಮೂರನೇ ಸಲ ಅವರು ಬರುವ ಹಿಂದಿನ ದಿನ ಅಕ್ಕ ರಜೆ ಕೇಳಿದರು. ಮಗಳಿಗೆ ಹೆರಿಗೆ ದಿನ, ಅಂತರಸಂತೆಗೆ ಹೋಗಬೇಕಿತ್ತು. ಹೊರಡುವ ಮುಂಚೆ ಎರಡೂ ಸಿರಿಂಜು ತುಂಬಿ, ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿದರು.

"ಎಲ್ಲಾನೂವೆ ರೆಡಿ ಮಾಡಿಟ್ಟಿವ್ನಿ. ಒಸಿ ನೋಡ್ಕಳಿ, ಆ ದಾರ ಕಟ್ಟಿರದು..."

"ಅಕ್ಕ, ಬಸ್ಸು ಹೋಗುತ್ತೆ, ಹೊರಡಿ. ನನಗೆ ಅಷ್ಟೂ ಗೊತ್ತಾಗಲ್ವಾ?"

ಅಕ್ಕ ಮಾತು ನುಂಗಿಕೊಂಡು ಹೋದರು.

ಮಾರನೆಯ ದಿನ ಹನ್ನೊಂದು ಗಂಟೆಗೆ ಅವರನ್ನು ಕುರ್ಚಿಯಲ್ಲಿ ಮಲಗಿಸಿ, ಬಾಯಿಯ ಎರಡೂ ಕಡೆ ಹತ್ತಿ ಇಟ್ಟು, ಇನ್ನು ಮಾತಾಡಬೇಡಿ ಎಂದು ತಾಕೀತು ಮಾಡಿ ಕೆಲಸ ಶುರು ಮಾಡಿದೆ. ತಟ್ಟೆಯಿಂದ ದಾರ ಕಟ್ಟಿದ್ದನ್ನು ಎತ್ತಿಕೊಂಡೆ. ಉಸಿರು ಬಿಗಿಹಿಡಿದು, ತೊಟ್ಟು ತೊಟ್ಟಾಗಿ, ಸೂಜಿಯನ್ನು ಎಲ್ಲೂ ಅಂಟಿಸದೆ, ಹತ್ತು ನಿಮಿಷ ಹಿಡಿಸಿ ತೊಳೆದೆ. ಹತ್ತಿರದಲ್ಲಿ ಮದ್ದಿನ ವಾಸನೆ ಅಷ್ಟಾಗಿ ಬರಲಿಲ್ಲ. ಮೈಸೂರಿನ ಅಂಗಡಿಯವನು ಹಳೇ ಸರಕು ದಾಟಿಸಿದ್ದಾನೆ ಎಂದು ಅವನನ್ನು ಮನಸ್ಸಿನಲ್ಲೇ ಬೈದುಕೊಂಡೆ. ಆಮೇಲೆ ದಾರ ಇಲ್ಲದ್ದನ್ನು ಎತ್ತಿಕೊಂಡೆ. ಇದು ನೀರು, ಹೆದರುವುದೇನಿದೆ? ಒಳಗೆ ಉಳಿದದ್ದೆಲ್ಲ ಒಂದೇ ಸಲಕ್ಕೆ ಬರಲಿ ಎಂದು ಸೂಜಿಯನ್ನು ಆಳಕ್ಕಿಳಿಸಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದೆ.

ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಆ ಕೂಗು ಕೆಳಗಿನ ಗೊಬ್ಬರದಂಗಡಿಗೂ ಕೇಳಿಸಿತಂತೆ. ಹಲ್ಲಿನೊಳಗಿಂದ ರಕ್ತ ಉಕ್ಕಿತು. ನಾನು ನೋಡುತ್ತಿದ್ದಂತೆಯೇ ಮೇಲ್ತುಟಿ ಊದಿತು, ಕೆನ್ನೆ ಊದಿತು, ಎಡಗಣ್ಣು ಅರ್ಧ ಮುಚ್ಚಿತು. ಸಿರಿಂಜಿನ ತುದಿಯನ್ನು ಮೂಗಿನ ಹತ್ತಿರ ತಂದೆ. ಚರಂಡಿಯ ಪುಡಿಯ ವಾಸನೆ ಗಪ್ಪೆಂದು ಹೊಡೆಯಿತು. ದಾರ ಕಟ್ಟಿದ ಸಿರಿಂಜಿನಲ್ಲಿ ಉಳಿದದ್ದನ್ನು, ಈಗ ಅದು ನೀರೆಂದು ಗೊತ್ತಾದ ಮೇಲೆ, ಹಲ್ಲಿಗೆ ಮತ್ತೆ ಮತ್ತೆ ಬಿಟ್ಟು ತೊಳೆದೆ.

ಐಸ್ ಇಡಬೇಕು. ಕ್ಲಿನಿಕ್ಕಿನಲ್ಲಿ ಫ್ರಿಜ್ ಇರಲಿಲ್ಲ. ಬಿಳಿ ಕೋಟು ಹಾಕಿಕೊಂಡೇ ಬಸ್ ಸ್ಟ್ಯಾಂಡಿನ ತನಕ ಓಡಿ ಐಸ್ ಕ್ಯಾಂಡಿ ತಂದೆ. ಹಲ್ಲು ಹಾಳಾಗುತ್ತದೆ, ತಿನ್ನಬೇಡಿ ಎಂದು ಶಾಲೆ ಶಾಲೆಗೆ ಹೋಗಿ ಭಾಷಣ ಮಾಡುತ್ತಿದ್ದೆನಲ್ಲ, ಅದೇ ಕಿತ್ತಳೆ ಬಣ್ಣದ ಕಡ್ಡಿ ಐಸು. ಟವೆಲಿನಲ್ಲಿ ಸುತ್ತಿ ಅವರ ಕೆನ್ನೆಗೆ ಒತ್ತಿ ಹಿಡಿದುಕೊಂಡೆ. ಕಿತ್ತಳೆ ನೀರು ಅವರ ಬಿಳಿ ಅಂಗಿಯ ಮೇಲೆ ಇಳಿಯುತ್ತಿತ್ತು. ನೋವು ಸ್ವಲ್ಪ ಹತೋಟಿಗೆ ಬಂದ ಮೇಲೆ ಅವರು ತೊದಲುತ್ತ ಕೇಳಿದರು.

"ಏನಾಯ್ತವ್ವ?"

ನಮ್ಮ ಕಡೆ ಎಲ್ಲ ಕಾಯಿಲೆಗೂ ಒಂದು ಕಾರಣವಿದೆ, ನಂಜು. ಬದನೆಕಾಯಿ ತಿಂದರೆ ನಂಜು, ಗಾಯ ಮಾಗದಿದ್ದರೆ ನಂಜು, ಮುಖ ಊದಿದರಂತೂ ನಂಜೇ. ಆ ಮಾತು ಆಡಿದವರನ್ನೆಲ್ಲ ನಾನು ಅದೇ ಕುರ್ಚಿಯಲ್ಲಿ ಕೂರಿಸಿ ಗದರಿದ್ದೇನೆ. ವಿಜ್ಞಾನ ಹೇಳಿದ್ದೇನೆ.

"ಒಳಗೆ ನಂಜು ಜಾಸ್ತಿ ಇತ್ತು. ಮೇಲೆದ್ದಿದೆ" ಎಂದೆ.

ಅವರು ಒಂದು ಕಣ್ಣಿನಲ್ಲಿ ನನ್ನನ್ನೇ ನೋಡಿದರು. ಆಮೇಲೆ "ಊಂ" ಎಂದರು. ಮಾತ್ರೆ ಕೊಟ್ಟು, ಒಬ್ಬರನ್ನೇ ಕಳಿಸಲು ಧೈರ್ಯ ಸಾಲದೆ ನಾನೇ ಬಸ್ಸಿನ ತನಕ ಹೋಗಿ ಹತ್ತಿಸಿ ಬಂದೆ. ಬಸ್ಸಿನಲ್ಲಿದ್ದವರು ಅವರ ಮುಖ ನೋಡಿ ನನಗೆ ಜಾಗ ಬಿಟ್ಟುಕೊಟ್ಟರು, ಇವಳ ಸಹವಾಸ ಬೇಡ ಎನ್ನುವ ಹಾಗೆ.

ಎರಡು ದಿನ ಬಿಟ್ಟು ಅಕ್ಕ ಬಂದರು. ಮೊಮ್ಮಗಳು ಹುಟ್ಟಿದ ಸಂತೋಷದಲ್ಲಿ ಬೆಲ್ಲದಚ್ಚು ತಂದಿದ್ದರು. ನಾನು ಅದನ್ನು ಕೈಯಲ್ಲೂ ಮುಟ್ಟದೆ ಅವರ ಮೇಲೆ ಹರಿಹಾಯ್ದೆ. ಯಾರಾದರೂ ನೀರಿಗೆ ಗುರುತು ಕಟ್ಟುತ್ತಾರಾ, ವಿಷಕ್ಕಲ್ಲವಾ ಕಟ್ಟಬೇಕಾದದ್ದು, ಒಬ್ಬರ ಮುಖ ಸುಟ್ಟುಬಿಟ್ಟೆನಲ್ಲ ಎಂದು ಕೂಗಾಡಿದೆ. ಅಕ್ಕ ಬೆಲ್ಲದಚ್ಚನ್ನು ಮೇಜಿನ ಮೇಲಿಟ್ಟರು. ಅವರಿಗೆ ನಾನು ಕೇಳಿದ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ.

"ಇಸಕ್ಕೆ ಯಾರಾರ ಅರಿಸಿನ ಕಟ್ತಾರಾ ಡಾಕ್ಟ್ರಮ್ಮ?" ಎಂದರು.

ನಾನೂ ಇದೇ ಸೀಮೆಯಲ್ಲಿ ಹುಟ್ಟಿದವಳು. ಹಾಲುಕ್ಕಿಸುವ ಮಡಕೆಗೆ, ಮದುವೆಯ ಒನಕೆಗೆ, ಬಾಣಂತಿಯ ಕೈಗೆ ಅರಿಶಿನದ ದಾರ ಕಟ್ಟುವುದನ್ನು ನೋಡುತ್ತಲೇ ಬೆಳೆದವಳು. ನನ್ನ ಕುತ್ತಿಗೆಯಲ್ಲೂ ಒಂದು ಎಳೆ ಇತ್ತು. ನಮ್ಮಲ್ಲಿ ಗುರುತು ಹಾಕುವುದು ಒಳ್ಳೆಯದಕ್ಕೆ. ಕೆಟ್ಟದ್ದಕ್ಕೆ ಯಾರೂ ಗುರುತು ಹಾಕುವುದಿಲ್ಲ, ದೂರ ಇಡುತ್ತಾರೆ ಅಷ್ಟೆ. ಇದನ್ನು ಮರೆಯಲು ನನಗೆ ಐದು ವರ್ಷದ ಓದು ಬೇಕಾಯಿತು. ಅಕ್ಕ ಆ ಮೇಲೆ ಅದರ ಮಾತೇ ಎತ್ತಲಿಲ್ಲ. ಮದ್ದಿಗೆ ಸಣ್ಣ ಸಿರಿಂಜು, ನೀರಿಗೆ ದೊಡ್ಡ ಸಿರಿಂಜು ಇಟ್ಟುಕೊಂಡರೆ ದಾರವೂ ಬೇಡ ಅಕ್ಷರವೂ ಬೇಡ ಎಂಬುದು ಅವತ್ತು ಸಂಜೆ ನನಗೆ ಹೊಳೆಯಿತು. ಅಷ್ಟು ಹೊಳೆಯಲು ಒಬ್ಬ ಮನುಷ್ಯನ ಮುಖ ಬೇಕಾಗಿತ್ತು.

ಹತ್ತು ದಿನಕ್ಕೆ ಊತ ಇಳಿಯಿತು. ಕೆನ್ನೆಯ ಮೇಲಿನ ನೀಲಿ ಬಣ್ಣ ಹಸಿರಾಗಿ, ಹಳದಿಯಾಗಿ, ಮೂರು ವಾರಕ್ಕೆ ಪೂರ್ತಿ ಹೋಯಿತು. ಹೋಗದೆ ಉಳಿದದ್ದು ಒಂದೇ. ಮೇಲ್ತುಟಿಯ ಎಡಭಾಗಕ್ಕೆ ಸ್ಪರ್ಶ ಗೊತ್ತಾಗುತ್ತಿರಲಿಲ್ಲ. ಹತ್ತಿಯ ಎಳೆಯಿಂದ ಸವರಿ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು, ಇನ್ನೂ ಶುರು ಮಾಡಲಿಲ್ಲವೇ ಎಂದು ಕೇಳುತ್ತಿದ್ದರು. ಬರುತ್ತೆ, ಆರು ತಿಂಗಳಲ್ಲಿ ಬರುತ್ತೆ ಎಂದು ಹೇಳುತ್ತಿದ್ದೆ. ಕೆಲವರಿಗೆ ಬರುತ್ತದೆ ಎಂದು ಪುಸ್ತಕದಲ್ಲೂ ಇತ್ತು.

ಯುಗಾದಿ ಬಂತು, ಹೋಯಿತು. ಒಂದು ದಿನ ಅವರು ಚೀಲದಲ್ಲಿ ವಾಲಗ ಹಾಕಿಕೊಂಡೇ ಬಂದರು. ನನಗೆ ತೋರಿಸಬೇಕೆಂದು ಪೀಪಿಯನ್ನು ತುಟಿಗಿಟ್ಟುಕೊಂಡರು. ಪೀಪಿ ಎಲ್ಲಿ ಕೂತಿದೆ ಎಂದು ಎಡಭಾಗದ ತುಟಿಗೆ ತಿಳಿಯದು. ಬಾಯಿಯ ಮೂಲೆಯಿಂದ ಗಾಳಿ ಸೋರಿತು, ಜೊಲ್ಲು ಸೋರಿತು, ಸ್ವರ ಮೇಲೇರುವ ಕಡೆಯಲ್ಲೆಲ್ಲ ಒಡೆದು ಕೀಚಲಾಯಿತು. ಅಕ್ಕ ಒಳಕೋಣೆಗೆ ಹೋಗಿಬಿಟ್ಟರು. ಅವರು ಮಾತ್ರ ಟವೆಲಿನಲ್ಲಿ ಬಾಯಿ ಒರೆಸಿಕೊಂಡು, "ನೋಡಿ, ಅಲ್ಲು ಒಸಿನೂ ನೋಯ್ನಿಲ್ಲ" ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು ಅದು. ನನಗೆ ಆ ಹೊತ್ತಿನಲ್ಲಿ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆದರೂ ನಿಜ ಹೇಳಲಿಲ್ಲ.

ಹೇಳದೆ ಏನು ಮಾಡಿದೆ ಎಂದರೆ, ಹಲ್ಲಿನ ಕೆಲಸ ಮಾಡಿದೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ಹಲ್ಲಿಗೂ ದುಡಿದಿಲ್ಲ. ಸುಣ್ಣದಂಥ ಔಷಧಿಯನ್ನು ತುಂಬಿ, ತಿಂಗಳಿಗೊಮ್ಮೆ ಬದಲಾಯಿಸಿ, ತೆರೆದಿದ್ದ ಬೇರಿನ ತುದಿ ಮುಚ್ಚಿಕೊಳ್ಳುವ ತನಕ ಒಂದೂವರೆ ವರ್ಷ ಕಾದು, ಆಮೇಲೆ ತುಂಬಿ ಹಲ್ಲಿನ ಮೇಲೆ ಬಿಳಿ ಕ್ಯಾಪ್ ಹಾಕಿದೆ. ಮೈಸೂರಿನಲ್ಲಿ ಹಲ್ಲಿನ ಡಾಕ್ಟರುಗಳ ಸಭೆಯೊಂದರಲ್ಲಿ ಆ ಹಲ್ಲಿನ ಎಕ್ಸ್‌ರೇಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿದೆ. ಹುಣಸೂರಿನಂಥ ಕಡೆ, ಅದೂ ಮೊಂಡು ಮಾಡಿದ ಮಾಮೂಲಿ ಸೂಜಿಯಲ್ಲಿ, ಇಂಥ ಕೆಲಸವೇ ಎಂದು ಚಪ್ಪಾಳೆ ತಟ್ಟಿದರು. ಹಿರಿಯರೊಬ್ಬರು ಎದ್ದು ನಿಂತು, ರೋಗಿ ಈಗ ಹೇಗಿದ್ದಾರೆ ಎಂದು ಕೇಳಿದರು. ಹಲ್ಲು ಗಟ್ಟಿಯಾಗಿದೆ ಎಂದೆ. ಎಕ್ಸ್‌ರೇಯಲ್ಲಿ ತುಟಿ ಬೀಳುವುದಿಲ್ಲ.

ತುಟಿಗೆ ಸ್ಪರ್ಶ ಮರಳಿ ಬರಲಿಲ್ಲ. ಅವರೂ ಕ್ರಮೇಣ ಬರುವುದನ್ನು ಬಿಟ್ಟರು. ಆದರೆ ಅವರ ಕಡೆಯ ಜನ ಬರತೊಡಗಿದರು. 'ಭೇರ್ಯದ ವಾಲಗದೋರು ಕಳ್ಸವ್ರೆ' ಎಂದು ಹೇಳಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಮೊದಲು ತಿಂಗಳಿಗೊಬ್ಬರು, ಆಮೇಲೆ ವಾರಕ್ಕಿಬ್ಬರು ಮೂವರು. ಪ್ರತಿ ಸಲ ಆ ಮಾತು ಕಿವಿಗೆ ಬಿದ್ದಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಇದು ಯಾವ ಬಗೆಯ ಶಿಕ್ಷೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು, ಜಗಳ ನನಗೆ ಚೆನ್ನಾಗಿ ಬರುತ್ತದೆ.

ಅಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿತ್ತು. ಪಕ್ಕದಲ್ಲಿ ರಂಧ್ರವಿರುವ ಆ ಸೂಜಿಗಳು ಮೈಸೂರಿನ ಅಂಗಡಿಗಳಲ್ಲಿ ಡಬ್ಬಿಗಟ್ಟಲೆ ಸಿಗುತ್ತಿದ್ದವು. ಅಕ್ಕನ ಮಸೆಗಲ್ಲು ಬಾಗಿಲು ಬಡಿದುಕೊಳ್ಳದಂತೆ ಒತ್ತಾಗಿಡುವ ಕೆಲಸಕ್ಕೆ ಹೋಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಗಾಜಿನ ಬಾಗಿಲು, ಏಸಿ ಎಲ್ಲ ಇರುವ ಹೊಸ ಕ್ಲಿನಿಕ್ ಬಂದಿತ್ತು. ಅಲ್ಲಿ ಒಬ್ಬ ಹುಡುಗ ಡಾಕ್ಟರು, ಬಹಳ ನಗುಮುಖ, ತುಂಬಾ ಚುರುಕು. ಇಷ್ಟಾದರೂ ಭೇರ್ಯದವರು ಆ ಗಾಜಿನ ಬಾಗಿಲು ದಾಟಿಕೊಂಡು ನನ್ನ ಮೆಟ್ಟಿಲನ್ನೇ ಹತ್ತುತ್ತಿದ್ದರು.

ಆ ಬೇಸಿಗೆಯಲ್ಲಿ ಸಾಲಿಗ್ರಾಮದಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಛತ್ರದೊಳಗೆ ಕಾಲಿಟ್ಟವಳಿಗೆ ವಾಲಗದವರ ಸಾಲು ಕಣ್ಣಿಗೆ ಬಿತ್ತು. ಊದುತ್ತಿದ್ದವನು ಮೂವತ್ತೈದರ ಒಬ್ಬ. ಆಮೇಲೆ ತಿಳಿಯಿತು, ನನ್ನ ಭೇರ್ಯದ ವಾಲಗದವರ ತಮ್ಮ. ಪಕ್ಕದಲ್ಲಿ ಡೋಲಿನವನು. ಅವನ ಹಿಂದೆ ಗೋಡೆಗೊರಗಿ ಅವರು ಕೂತಿದ್ದರು, ಕೈಯಲ್ಲಿ ತಾಳ. ತಮ್ಮ ಸ್ವರ ಎತ್ತಿದಾಗಲೆಲ್ಲ ಇವರ ಕೆನ್ನೆ ತಾನಾಗಿ ಉಬ್ಬುತ್ತಿತ್ತು, ತುಟಿ ಅಲುಗುತ್ತಿತ್ತು. ನಾನು ಹಿಂದಿನ ಬಾಗಿಲಿಂದ ಹೋಗಿಬಿಡೋಣ ಎಂದು ತಿರುಗಿದೆ. ಅಷ್ಟರಲ್ಲಿ ಅವರು ನೋಡಿಬಿಟ್ಟರು.

ಧಾರೆ ಮುಗಿದ ಮೇಲೆ ಎದ್ದು ಬಂದು, ಅಲ್ಲಿದ್ದ ನೆಂಟರೆದುರಿಗೆಲ್ಲ ಮೇಲ್ತುಟಿಯನ್ನು ಬೆರಳಿನಿಂದ ಎತ್ತಿ ಹಲ್ಲು ತೋರಿಸಿದರು. "ಇದ ಉಳುಸ್ದೋರು ಇವ್ರೇ ಕಣ್ರಪ್ಪ. ಅಲ್ಲು ನೋಯ್ತು ಅಂದ್ರೆ ಸೀದಾ ಉಣ್ಸೂರ್ಗೋಗಿ." ನಮ್ಮ ಚಿಕ್ಕಪ್ಪ ಹೆಮ್ಮೆಯಿಂದ ಸುತ್ತಲೂ ನೋಡಿದರು. ಊಟದ ಸಾಲಿನಲ್ಲಿ ನನ್ನ ಎಲೆಗೆ ಎರಡು ಹೋಳಿಗೆ ಜಾಸ್ತಿ ಬಿತ್ತು, ಎದುರು ಕೂತಿದ್ದ ಮೂವರು ಅನ್ನ ಕಲಸುತ್ತಲೇ ಬಾಯಿ ತೆರೆದು ತಮ್ಮ ದವಡೆ ತೋರಿಸಿದರು. ಎಲೆ ಮಡಿಸಿ ಎದ್ದು ಹೋದೆ.

ಕೈ ತೊಳೆಯುವ ಜಾಗದಲ್ಲಿ ಅವರೊಬ್ಬರೇ ಸಿಕ್ಕಿದರು. ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ. "ಅವತ್ತು ನಂಜು ಅಂತ ಹೇಳಿದ್ದು ಸುಳ್ಳು. ತಪ್ಪು ನಂದು. ನೀರು ಅಂತ ತಿಳ್ಕೊಂಡು ಮದ್ದು ಒತ್ತಿಬಿಟ್ಟೆ. ನಿಮ್ಮ ವಾಲಗ ಹೋಗಿದ್ದು ನನ್ನಿಂದ."

ಅವರು ನಲ್ಲಿ ನಿಲ್ಲಿಸಿದರು. "ಗೊತ್ತು ಕಣವ್ವ. ದಾರ ಇಲ್ದಿರದ್ನ ನೀವು ಅಂಗೆ ಒತ್ತಾಕೆ ಓದಾಗ್ಲೇ ನೋಡ್ದೆ. ಮದ್ವೆ ಮನೇಲೇ ಬದುಕ್ದೋನು ನಾನು, ಅರಿಸಿನ ಯಾವುದಕ್ಕೆ ಕಟ್ತಾರೆ ಅಂತ ತಿಳೀದಾ? ಬಾಯ್ತುಂಬ ಅತ್ತಿ ಇಟ್ಟಿದ್ರಿ, ಎಂಗೇಳದು?"

"ಎಲ್ಲ ಗೊತ್ತಿದ್ದೂ ಜನರನ್ನ ನನ್ನ ಹತ್ರಾನೇ ಕಳಿಸ್ತೀರಲ್ಲ. ಯಾಕೆ?"

ಅವರು ಒದ್ದೆ ಕೈ ಕೊಡವಿಕೊಂಡು ನನ್ನ ಕಡೆ ತಿರುಗಿದರು. ಹಂಗಿಸಲು ಪದ ಹುಡುಕುವವರ ಮುಖ ಅಲ್ಲ ಅದು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಬೇಕು ಎನ್ನುವವರ ಮುಖ.

"ಆ ತಪ್ಪ ನೀವು ಇನ್ನೊಂದ್ಸಲ ಮಾಡಾಕಿಲ್ಲ. ಬಸ್ ಸ್ಟ್ಯಾಂಡ್ ತಾವಿರೋ ಉಡುಗ ಒಳ್ಳೇನೇ, ಆದ್ರೆ ಅವ್ನು ಇನ್ನೂ ಮಾಡಿಲ್ವಲ್ಲವ್ವ. ಅದು ಯಾರ ತುಟಿ ಮೇಲೆ ಬರೆದದೋ ಏನೋ. ನಮ್ಮೂರೋರ್ದು ಆಗದು ಬ್ಯಾಡ ಅಂತ."

ಒಳಗಿನಿಂದ ತಮ್ಮ ಕೂಗಿದ. ಹೆಣ್ಣು ಒಪ್ಪಿಸಿಕೊಡುವ ಹೊತ್ತಾಗಿತ್ತು. ಅವರು ಹೆಗಲ ಮೇಲಿನ ಟವೆಲಿನಲ್ಲಿ ಕೈ ಒರೆಸಿಕೊಂಡು, ತಾಳ ತೆಗೆದುಕೊಂಡು ಒಳಗೆ ಹೋದರು.